ಸಾಲ ಕ್ಲಬ್ಬಿಗೆ, ಹಕ್ಕು ಧಣಿಗೆ

ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳ ಜಗಳ ಕೇಳಿದ್ದೀರಾ? “ಕತಾರಿನ ಶೇಖ್ ಬಂದಿದ್ರೆ ಸಾಲ ಪೂರ್ತಿ ತೀರ್ತಿತ್ತು” ಅಂತ ಒಬ್ಬ. “ರಾಟ್‌ಕ್ಲಿಫ್ ಅದೇ ಊರ ಕಡೆಯವ್ರು, ಸ್ವಲ್ಪ ಟೈಮ್ ಕೊಡಿ” ಅಂತ ಇನ್ನೊಬ್ಬ. ಇಬ್ಬರೂ ಹುಡುಕ್ತಿರೋದು ಒಳ್ಳೆ ಧಣಿಯನ್ನ. ನನ್ನ ತಕರಾರಿರೋದೇ ಅಲ್ಲಿ.

2005ರಲ್ಲಿ ಗ್ಲೇಜರ್ ಕುಟುಂಬ ಸುಮಾರು 79 ಕೋಟಿ ಪೌಂಡಿಗೆ ಈ ಕ್ಲಬ್ ಕೊಂಡಿತು. ಹೆಚ್ಚಿನ ದುಡ್ಡು ಸಾಲದ್ದು; ಅದರ ದೊಡ್ಡ ಪಾಲು ಬಿದ್ದದ್ದು ಕ್ಲಬ್ಬಿನ ತಲೆಗೇ. ಮನೆ ಒಬ್ಬನ ಹೆಸರಿಗೆ, ಇಎಂಐ ಕಟ್ಟೋನು ಇನ್ನೊಬ್ಬ! ಟಿಕೆಟ್, ಜರ್ಸಿ ಕೊಳ್ಳೋ ಅಭಿಮಾನಿಯ ದುಡ್ಡು ಅವತ್ತಿಂದ ಬಡ್ಡಿಗೆ ಹೋಗ್ತಿದೆ.

2024ರಲ್ಲಿ ಕಾಲು ಭಾಗದಷ್ಟು ಷೇರು ಹಿಡಿದು ರಾಟ್‌ಕ್ಲಿಫ್ ಬಂದರು. ಅದೇ ವರ್ಷ ಸುಮಾರು 250 ಜನರ ಕೆಲಸಕ್ಕೆ ಕತ್ತರಿ. ಸೀಸನ್ ನಡುವೆಯೇ ಉಳಿದ ಟಿಕೆಟ್‌ಗಳಿಗೆ 66 ಪೌಂಡ್, ಮಕ್ಕಳಿಗೂ ರಿಯಾಯಿತಿ ಇಲ್ಲ. ಊರಿನವರಾದ್ರೇನು, ಧಣಿ ಧಣಿಯೇ.

ಜರ್ಮನಿಯಲ್ಲಿ 50+1 ನಿಯಮವಿದೆ. ಕೆಲವು ಕ್ಲಬ್ ಬಿಟ್ಟರೆ, ಹೂಡಿಕೆದಾರ ಎಷ್ಟೇ ಸುರಿಯಲಿ, ಬಹುಮತ ಸದಸ್ಯರದ್ದೇ. 2024ರಲ್ಲಿ ಅಲ್ಲಿನ ಲೀಗ್ ಹೊರಗಿನ ಹೂಡಿಕೆದಾರರನ್ನು ತರಲು ಹೊರಟಾಗ ಪ್ರೇಕ್ಷಕರು ಟೆನಿಸ್ ಚೆಂಡು ಎಸೆದು ಪಂದ್ಯಗಳನ್ನೇ ತಡೆದರು. ಲೀಗ್ ಹಿಂದೆ ಸರಿಯಿತು.

“ಹಾಗಾದ್ರೆ ಕಪ್ ಗೆಲ್ತೀವಾ?” ಗ್ಯಾರಂಟಿ ಇಲ್ಲ. ಧಣಿ ಬದಲಾದ್ರೂ ಇಲ್ಲ. ಆದ್ರೆ ತಪ್ಪು ಮಾಡಿದವರನ್ನ ಇಳಿಸೋಕೆ ಕೈಲೊಂದು ವೋಟಾದ್ರೂ ಇರುತ್ತೆ. ಮುಂದಿನ ಸಲ “ಯಾರು ಕೊಳ್ತಾರೆ?” ಅನ್ನಬೇಡಿ. “ಮಾರೋ ಮುಂಚೆ ನಮ್ಮನ್ನ ಯಾಕೆ ಕೇಳಲ್ಲ?” ಅನ್ನಿ.