ಚರ್ಚಿನ ಪಕ್ಕದ ಮನೆಗೆ ಬೇರೆ ಅಳತೆಗೋಲು ಯಾಕೆ?

ಸಾಗರ, ಹೊಸನಗರ, ತೀರ್ಥಹಳ್ಳಿ ಪೇಟೆಗಳಲ್ಲಿ ಮಾರಾಟಕ್ಕಿರುವ ಮನೆ ದೇವಸ್ಥಾನದ ಬದಿಗಿದ್ದರೆ ದಲ್ಲಾಳಿ ಆ ಮಾತನ್ನೇ ಮೊದಲು ಎತ್ತುತ್ತಾನೆ. ಚರ್ಚಿನ ಬದಿಗಿದ್ದರೆ ಕೊನೆಗೆ ಹೇಳುತ್ತಾನೆ, ಅದೂ ಕೇಳಿದರೆ. ಕೊಳ್ಳುವವರೂ ಗಂಟೆ, ಮೈಕು, ಜನಸಂದಣಿ ಎಂದು ರಾಗ ಎಳೆಯುತ್ತಾರೆ. ಈ ಮೂರೂ ಸುಳ್ಳಲ್ಲ. ಆದರೆ ಮೂರನ್ನೂ ಹೋಗಿ ನೋಡಿ, ಕೇಳಿ ತೂಗಬಹುದು. ತೂಗದೆಯೇ ಮನೆ ಬೇಡವೆನ್ನುವವರು ಗದ್ದಲವನ್ನು ನೆಪ ಮಾಡಿಕೊಂಡಿದ್ದಾರೆ ಎಂದೇ ನನ್ನ ಅನುಮಾನ.

ಮೊದಲು ಸದ್ದಿನ ವಿಚಾರ. ಕಥೋಲಿಕ ಚರ್ಚಿನಲ್ಲಿ ವಾರದ ದಿನ ಸಾಮಾನ್ಯವಾಗಿ ಒಂದು ಚಿಕ್ಕ ಪೂಜೆ, ಭಾನುವಾರ ಬೆಳಿಗ್ಗೆ ದೊಡ್ಡದು. ಉಳಿದಂತೆ ಡಿಸೆಂಬರ್ 24ರ ರಾತ್ರಿ, ಈಸ್ಟರಿನ ಹಿಂದಿನ ವಾರ, ಸೆಪ್ಟೆಂಬರ್ 8ರ ತೆನೆಹಬ್ಬ, ಆಯಾ ಚರ್ಚಿನ ವಾರ್ಷಿಕ ಹಬ್ಬ. ಎಲ್ಲವೂ ಕ್ಯಾಲೆಂಡರಿನಲ್ಲಿ ಮೊದಲೇ ಗೊತ್ತಿರುವ ದಿನಗಳು. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ, ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆ, ಬೆಳಗಿನವರೆಗೆ ಚೆಂಡೆ ಬಡಿಯುವ ಯಕ್ಷಗಾನ ಇವುಗಳೊಂದಿಗೆ ಬದುಕಿರುವ ಊರಿಗೆ ಆ ಗಂಟೆ ಹೊರೆಯಾಗಬೇಕಿಲ್ಲ. ಕಾನೂನೂ ಎಲ್ಲರಿಗೂ ಒಂದೇ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿವರೆಗೆ ವಿನಾಯಿತಿ ಕೊಡಲು ಸರ್ಕಾರಕ್ಕೆ ಅವಕಾಶವಿದೆ. ಅಂದಮೇಲೆ ಬೆಳಿಗ್ಗೆ ಐದಕ್ಕೆ ಹಾರ್ನಿನಲ್ಲಿ ಹಾಕುವ ಸುಪ್ರಭಾತವೂ ನಿಯಮಭಂಗವೇ. ಅದನ್ನು ಪುಣ್ಯವೆಂದು ಹೆಚ್ಚು ದುಡ್ಡು ಕೊಟ್ಟು ಕೊಳ್ಳುವವರು ಭಾನುವಾರದ ಗಂಟೆಗೆ ಬೆಚ್ಚುವುದು ವಿಚಿತ್ರ.

ಹಾಗೆಂದು ಚರ್ಚಿನವರಿಗೆ ಸದ್ದು ಮಾಡುವ ಹಕ್ಕಿದೆ ಎಂದಲ್ಲ. ಚೆನ್ನೈನ ಬಡಾವಣೆಯೊಂದರ ನಿವಾಸಿಗಳು ಪಕ್ಕದ ಪ್ರಾರ್ಥನಾ ಮಂದಿರದ ಡ್ರಮ್ಮು, ಮೈಕುಗಳ ವಿರುದ್ಧ ಹೂಡಿದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2000ದ ಆಗಸ್ಟ್‌ನಲ್ಲಿ ತೀರ್ಪಿತ್ತಿತು: ನೆರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸಿಲ್ಲ. ಕುತೂಹಲದ ಸಂಗತಿಯೆಂದರೆ, ಅಲ್ಲಿನ ಸದ್ದು ಮುಖ್ಯವಾಗಿ ರಸ್ತೆಯ ವಾಹನಗಳದ್ದು ಎಂಬ ವರದಿಯೂ ಆ ಪ್ರಕರಣದಲ್ಲಿತ್ತು. ಹಾಗಾಗಿ ಎಂಥ ಚರ್ಚು ಎಂದು ನೋಡಬೇಕು. ಅಂಗಳ, ಶಾಲೆ, ಮರಗಳಿರುವ ಹಳೆಯ ಚರ್ಚಿಗೂ, ವಾಸದ ಮನೆಯನ್ನೇ ಪ್ರಾರ್ಥನಾ ಮಂದಿರ ಮಾಡಿಕೊಂಡು ಡ್ರಮ್ಮು ಇಟ್ಟ ಕಟ್ಟಡಕ್ಕೂ ಅಜಗಜಾಂತರ. ಎರಡನೆಯದರ ಗೋಡೆಗೆ ಅಂಟಿದ ಮನೆ ಬೇಡವೆನ್ನುವುದು ನ್ಯಾಯವೇ. ಚರ್ಚಿನೊಂದಿಗೆ ಶಾಲೆಯಿದ್ದರೆ ಬೆಳಿಗ್ಗೆ, ಸಂಜೆ ಗೇಟಿಗೆ ಅಡ್ಡ ನಿಲ್ಲುವ ಬಸ್ಸು, ಆಟೋಗಳೇ ಗಂಟೆಗಿಂತ ದೊಡ್ಡ ಕಿರಿಕಿರಿ. ಸ್ಮಶಾನವಿದ್ದರೆ, ಮಳೆಗಾಲದಲ್ಲಿ ಬಾವಿ ನೀರು ಕಟ್ಟೆಯವರೆಗೆ ಏರುವ ಈ ಸೀಮೆಯಲ್ಲಿ, ಬಾವಿ ಇಳಿಜಾರಿನ ಕೆಳಗಿದೆಯೋ ಮೇಲಿದೆಯೋ ನೋಡಿ ನೀರು ಪರೀಕ್ಷೆ ಮಾಡಿಸುವುದು ಒಳ್ಳೆಯದು.

ನಾಳೆ ಮಾರುವಾಗ ಗಿರಾಕಿ ಸಿಗುವುದಿಲ್ಲ ಎಂಬುದು ಗಟ್ಟಿಯಾದ ಆಕ್ಷೇಪ. ಗಿರಾಕಿಗಳು ಕಡಿಮೆ, ನಿಜ. ಅದೇ ಕಾರಣಕ್ಕೆ ಇವತ್ತು ನೀವು ಚೌಕಾಸಿ ಮಾಡಬಹುದು. ಇಪ್ಪತ್ತು ವರ್ಷ ಬಾಳಲೆಂದು ಕೊಳ್ಳುವವರಿಗೆ ಇದು ದೊಡ್ಡ ನಷ್ಟವಲ್ಲ. ಎರಡೇ ವರ್ಷದಲ್ಲಿ ಮಾರಿ ಲಾಭ ಮಾಡುವ ಲೆಕ್ಕದವರು ಬೇರೆ ಮನೆ ನೋಡಿಕೊಳ್ಳಲಿ. 'ನಮ್ಮವರಲ್ಲದವರ ನಡುವೆ ಹೇಗಿರುವುದು' ಎಂಬ ಇನ್ನೊಂದು ಆಕ್ಷೇಪವನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಕವಲೇದುರ್ಗ, ಬಿದನೂರುಗಳನ್ನು ಆಳಿದ ಕೆಳದಿ ಅರಸರು ಪೋರ್ಚುಗೀಸರೊಡನೆ ಕಾದಾಡಿದವರು. ಅವರೇ 1670ರ ದಶಕದ ಒಪ್ಪಂದದಲ್ಲಿ ತಮ್ಮ ಕರಾವಳಿಯಲ್ಲಿ ಚರ್ಚು ಕಟ್ಟಲು ಅನುಮತಿ ಕೊಟ್ಟಿದ್ದರು. ನೆರೆಯವರ ದೇವರು ಈ ನಾಡಿಗೆ ಹೊಸಬನಲ್ಲ.

ಇಷ್ಟೆಲ್ಲ ಚರ್ಚೆಯ ನಡುವೆ ನಿಜವಾದ ಅಪಾಯ ಮರೆತುಹೋಗುತ್ತದೆ. ಈ ಮೂರು ತಾಲ್ಲೂಕುಗಳಲ್ಲಿ ಕೊಂಡವರನ್ನು ಕೋರ್ಟಿಗೆ ಎಳೆಯುವುದು ಗಂಟೆಯಲ್ಲ, ಜಾಗದ ಕಾಗದ. ಕಾನು, ಸೊಪ್ಪಿನಬೆಟ್ಟ, ಬಗರ್‌ಹುಕುಂ, ಅರಣ್ಯದ ಅಂಚು ಎಂದು ಪಹಣಿಯಲ್ಲಿ ಒಂದು, ನೆಲದ ಮೇಲೆ ಇನ್ನೊಂದು ಇರುವ ಜಾಗಗಳು ಇಲ್ಲಿ ಹೇರಳ. ಮಂಜೂರಾದ ಜಾಗವಾದರೆ ಪರಭಾರೆ ಮಾಡಬಾರದೆಂಬ ಷರತ್ತಿರಬಹುದು. ಪರಿಶಿಷ್ಟರಿಗೆ ಮಂಜೂರಾದದ್ದಾದರೆ 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದ ಕ್ರಯ ಊರ್ಜಿತವಲ್ಲ. ಭೂಪರಿವರ್ತನೆ ಆದೇಶ, ಋಣಭಾರ ಪತ್ರ, ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಮನೆಗೆ ಹೋಗುವ ದಾರಿ ಯಾರ ಸರ್ವೆ ನಂಬರಿನಲ್ಲಿದೆ ಎಂಬ ನಕ್ಷೆ, ಇಷ್ಟೂ ಸರಿಯಿರುವ ಮನೆಯನ್ನು ಶಿಲುಬೆ ಕಾಣುತ್ತದೆಂದು ಬಿಡುವುದು ದಡ್ಡತನ. ಮುಂಗಡ ಕೊಡುವ ಮೊದಲು ಒಂದು ಭಾನುವಾರ ಬೆಳಿಗ್ಗೆ ಆ ಮನೆಯ ಮಲಗುವ ಕೋಣೆಯಲ್ಲಿ ಕೂತು ಕೇಳಿ. ಸೋಮವಾರ ತಾಲ್ಲೂಕು ಕಚೇರಿಗೆ ಹೋಗಿ ಮೂಲ ದಾಖಲೆ ತೆಗೆಸಿ.