ಭಾವನವರ ತುಪ್ಪದ ಲೆಕ್ಕ

ಸೂರಗೊಂಡನಕೊಪ್ಪದ ನಮ್ಮ ಭಾವನವರು ಅನ್ನ, ರೊಟ್ಟಿಗಳನ್ನು ತೊರೆದು ತುಪ್ಪ, ಮೊಟ್ಟೆ, ಮಾಂಸಗಳ ‘ಕೀಟೋ’ ವ್ರತ ಹಿಡಿದು ಮೂರು ತಿಂಗಳಾಯಿತು. ತೂಕ ಇಳಿದಿದೆ. ರಕ್ತಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ ತಗ್ಗಿದೆ, ಒಳ್ಳೆಯದೆನ್ನುವ ಎಚ್‌ಡಿಎಲ್ ತುಸು ಏರಿದೆ. ಆದರೆ ರಕ್ತನಾಳದ ಗೋಡೆಯಲ್ಲಿ ಸೇರಿಕೊಳ್ಳುವ ಎಲ್‌ಡಿಎಲ್ 118ರಿಂದ 196ಕ್ಕೆ ಹಾರಿದೆ!

“ತೂಕ ಇಳಿಯುವಾಗ ಹೀಗಾಗುವುದಂತೆ, ಬಿಡಯ್ಯ” ಎಂದರು.

ಅರ್ಧ ನಿಜ. ಮೈಕೊಬ್ಬು ಕರಗುವಾಗ ಕೊಲೆಸ್ಟರಾಲ್ ಕೆಲಕಾಲ ಏರುವುದುಂಟು; ತೂಕ ನೆಲೆನಿಂತ ಮೇಲೆ ಮರುಪರೀಕ್ಷೆ ಮಾಡಿಸಬೇಕು. ಆದರೆ ತುಪ್ಪ ಬೆಣ್ಣೆಗಳ ಕೊಬ್ಬು, ಯಕೃತ್ತು ರಕ್ತದಿಂದ ಎಲ್‌ಡಿಎಲ್ ಸೆಳೆದುಕೊಳ್ಳುವ ಕೆಲಸವನ್ನೇ ಮಂದಗೊಳಿಸುತ್ತದೆ. ಟ್ರೈಗ್ಲಿಸರೈಡ್ ಇಳಿದ ಪುಣ್ಯ ಈ ಪಾಪವನ್ನು ತೊಳೆಯದು. 190 ದಾಟಿದರಂತೂ ವೈದ್ಯರು ಸುಮ್ಮನಿರುವುದಿಲ್ಲ. ತುಪ್ಪ ತಗ್ಗಿಸಿ, ಶೇಂಗಾ, ಮೀನು ಹೆಚ್ಚಿಸಿರೆಂದೆ. ವೈದ್ಯರಲ್ಲಿಗೆ ಬರಲು ಒಪ್ಪಿದ್ದಾರೆ, ಅರೆಮನಸ್ಸಿನಿಂದ.