ಮಗು ಇಬ್ಬರದ್ದು, ಸಹಿ ಒಬ್ಬರದ್ದು ಸಾಕೆ?

2022ರ ಸೆಪ್ಟೆಂಬರ್‌ನಲ್ಲಿ ಚಿಕ್ಕಮಗಳೂರಿನಲ್ಲಿ ಬಸ್ಸಿನಿಂದ ಬಿದ್ದ ಪಿಯುಸಿ ವಿದ್ಯಾರ್ಥಿನಿಯೊಬ್ಬಳ ಮಿದುಳು ನಿಷ್ಕ್ರಿಯವಾದಾಗ ಹೆತ್ತವರು ಅಂಗದಾನಕ್ಕೆ ಒಪ್ಪಿದರು. ಹೃದಯ ಹೆಲಿಕಾಪ್ಟರ್‌ನಲ್ಲಿ ಬೆಂಗಳೂರಿಗೆ ಹೋಯಿತು. ಸುದ್ದಿ ನೋಡಿ ಕಣ್ಣೊರೆಸಿಕೊಂಡವರು ಎಷ್ಟೋ ಮಂದಿ. ಆದರೆ ಆಕೆಗಿನ್ನೂ 18 ತುಂಬಿರಲಿಲ್ಲ. ಅಂಥ ಮಗುವಿನ ಪರವಾಗಿ 'ಹೂಂ' ಅನ್ನಬೇಕಾದವರು ಯಾರು?

1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ಉತ್ತರ ಸರಳ. ಮಿದುಳು ಸಾವು ದೃಢಪಟ್ಟ ಮೇಲೆ ತಂದೆ ತಾಯಿಯರಲ್ಲಿ ಯಾರಾದರೊಬ್ಬರು ಸಹಿ ಹಾಕಿದರೆ ಸಾಕು. ನನ್ನ ತಕರಾರು ಇರೋದು ಈ 'ಒಬ್ಬರು' ಅನ್ನುವ ಮಾತಿನಲ್ಲೇ.

ಎಚ್.ಡಿ. ಕೋಟೆಯಾಚೆ ಕಾಕನಕೋಟೆ ದಾರಿಯಲ್ಲಿ ಒಂದು ಅಪಘಾತ ಆಯ್ತು ಅಂದುಕೊಳ್ಳಿ. ಮೈಸೂರಿನ ಐಸಿಯು ಬಾಗಿಲಲ್ಲಿ ತಂದೆ ಒಬ್ಬರೇ. ಉಮ್ಮ ಕೈಗೂಸು ಹಿಡ್ಕೊಂಡು ಊರಲ್ಲಿ. ತಂದೆಯ ಸಹಿ ಕಾನೂನಿಗೆ ಸಾಕಾಗುತ್ತದೆ. ಆದರೆ 'ನನ್ನನ್ನೊಂದು ಮಾತು ಕೇಳಲಿಲ್ಲ' ಎಂಬ ನೋವು ಆ ಉಮ್ಮನ ಜೊತೆ ಜೀವಮಾನವಿಡೀ ಉಳಿಯುತ್ತದೆ. ಕಾಯಲು ಸಮಯವೇ ಇಲ್ಲ ಅನ್ನೋದು ಪೂರ್ತಿ ಸರಿಯಲ್ಲ. ನಾಲ್ವರು ವೈದ್ಯರ ಮಂಡಳಿ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಬೇಕು. ಕಸಿ ಮಾಡುವ ತಂಡದವರು ಅದರಲ್ಲಿ ಇರುವಂತಿಲ್ಲ. ಆ ಆರು ಗಂಟೆಯಲ್ಲಿ ಕೋಟೆ ಕಡೆಯಿಂದ ಮೈಸೂರಿಗೆ ಬಂದು ಮುಟ್ಟಬಹುದು. ಎದೆ ಬಡಿಯುತ್ತಿರುವ ಮಗು ತೀರಿಹೋಗಿದೆ ಅಂದರೆ ಫೋನಿನಲ್ಲಿ ಯಾವ ತಾಯಿ ನಂಬ್ತಾಳೆ? ಹತ್ತಿರ ಕೂರಿಸಿ, ಅವಳ ಮಾತಿನಲ್ಲೇ ತಿಳಿಸಿ ಹೇಳಬೇಕು.

ಉಲಮಾಗಳಲ್ಲಿ ಈ ಬಗ್ಗೆ ಒಮ್ಮತವಿಲ್ಲ. 1988ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡಮಿ, ಮೃತರ ಅಥವಾ ವಾರಸುದಾರರ ಒಪ್ಪಿಗೆಯಿದ್ದರೆ ಜೀವ ಉಳಿಸಲು ಅಂಗ ಕೊಡಬಹುದು ಎಂದಿತು. ನಮ್ಮ ದೇಶದ ಅನೇಕ ಉಲಮಾಗಳು ಅದನ್ನು ಒಪ್ಪುವುದಿಲ್ಲ. ಹಾಗಾಗಿ ಬೇಡ ಅಂದವರನ್ನು ಕಲ್ಲು ಮನಸ್ಸಿನವರು ಅನ್ನಬಾರದು. ಕೊಟ್ಟವರನ್ನು ಮಯ್ಯತ್ ಮನೆಯಲ್ಲೇ ನಿಲ್ಲಿಸಿ ವಿಚಾರಿಸುವುದಂತೂ ಅನ್ಯಾಯ.

ಬದುಕಿರುವ ಮಗುವಿನ ವಿಷಯ ಬೇರೆ. ಅಣ್ಣನಿಗೆ ತಮ್ಮನ ಕಿಡ್ನಿ ಹೊಂದುತ್ತೆ ಅಂದರೂ 18ರೊಳಗಿನವರಿಂದ ತೆಗೆಯುವಂತಿಲ್ಲ. ತೀರಾ ಅಪರೂಪದ ವೈದ್ಯಕೀಯ ಕಾರಣವಿದ್ದರೂ 2014ರ ನಿಯಮದಂತೆ ಸರಕಾರದ ಪೂರ್ವಾನುಮತಿ ಬೇಕು. ರಕ್ತ, ಚರ್ಮ ಕೊಡುವವನೂ ಸ್ವಂತ ನಿರ್ಧಾರಕ್ಕೆ ಅರ್ಹನಾಗಿರಬೇಕು ಎಂದು ಜಿದ್ದಾ ನಿರ್ಣಯ ಹೇಳಿತ್ತು. ಹೆತ್ತವರಾದರೂ ಒಂದು ಮಗುವಿಗಾಗಿ ಇನ್ನೊಂದರ ದೇಹಕ್ಕೆ ಕೈಹಾಕಬಾರದು ಎಂಬುದರಲ್ಲಿ ನನಗೂ ಎರಡು ಮಾತಿಲ್ಲ.

ರಾಜ್ಯದಲ್ಲಿ ಅಂಗದಾನದ ಉಸ್ತುವಾರಿ ಜೀವಸಾರ್ಥಕತೆ ಸಂಸ್ಥೆಯದ್ದು. ಮಕ್ಕಳ ಪ್ರಕರಣದಲ್ಲಿ ಬದುಕಿರುವ ಇಬ್ಬರು ಹೆತ್ತವರನ್ನೂ ಕೇಳುವ ಪದ್ಧತಿಯನ್ನು ಅದು ತರಬೇಕು. ಇದಕ್ಕೆ ಕಾಯ್ದೆ ತಿದ್ದುಪಡಿ ಬೇಕಿಲ್ಲ. ಫಾರಂ ಮುಂದಿಡುವ ಮೊದಲು ಮನೆಗೆ ಒಂದು ಫೋನ್, ಉಮ್ಮ ಬರಲು ಒಂದು ವಾಹನ, ಇಷ್ಟೇ.